ಆ ಹಸಿರು ಜಾಗ ಖಾಲಿ ಅಲ್ಲ ಕನ ಬುದ್ಧಿ

ನಕ್ಷೆ ಬಿಡಿಸುವವರಿಗೆ ಕಾಡಿನಷ್ಟು ಸುಲಭದ ಜಾಗ ಇನ್ನೊಂದಿಲ್ಲ. ಊರು ಬಂದರೆ ತಲೆನೋವು. ಬೀದಿ, ಸೈಟು, ಗುಡಿ, ಸ್ಮಶಾನ, ಕೆರೆ ಏರಿ, ಯಾರದೋ ಒತ್ತುವರಿ, ಇನ್ಯಾರದೋ ಕೋರ್ಟು ಕೇಸು, ಎಲ್ಲಕ್ಕೂ ಬೇರೆ ಬೇರೆ ಗೆರೆ, ಬೇರೆ ಬೇರೆ ಬಣ್ಣ. ಕಾಡು ಹಾಗಲ್ಲ. ಸುತ್ತ ಒಂದು ಗಡಿ ಎಳೆದು, ಒಳಗೆ ಹಸಿರು ತುಂಬಿ, ‘ಅರಣ್ಯ’ ಅಂತ ಬರೆದರೆ ಮುಗಿಯಿತು. ಐನೂರು ಚದರ ಕಿಲೋಮೀಟರ್ ಇದ್ದರೂ ಎರಡು ಕ್ಲಿಕ್ಕಿನ ಕೆಲಸ. ಮೈಸೂರಲ್ಲಿ ಫ್ಯಾನ್ ಕೆಳಗೆ ಕೂತು, ಟೀ ಕುಡಿಯುತ್ತಾ, ಎಷ್ಟೋ ಯೋಜನೆಗಳಿಗೆ ನಾನು ಹೀಗೆ ಹಸಿರು ತುಂಬಿದ್ದೇನೆ. ತುಂಬುವಾಗ ಒಮ್ಮೆಯೂ ಏನೂ ಅನ್ನಿಸಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನೇನೋ ಹುಟ್ಟಿನಿಂದಲೇ ಜ್ಞಾನಿ ಅಂತ ಯಾರೂ ಅಂದುಕೊಳ್ಳಬಾರದು.

ಬಿಳಿಗಿರಿರಂಗನ ಬೆಟ್ಟಕ್ಕೆ ಕೆಲಸದ ಮೇಲೆ ಹೋಗಿದ್ದು ಕೆಲವು ವರ್ಷಗಳ ಹಿಂದೆ. ಒಂದು ಪ್ರವಾಸೋದ್ಯಮ ಯೋಜನೆಯ ಕರಡಿಗೆ ನಕ್ಷೆ ಮಾಡಬೇಕಿತ್ತು. ಯಾರ ಯೋಜನೆ, ಯಾವ ಕಚೇರಿ ಅನ್ನೋದು ಬೇಡ. ವಾರದ ಕೊನೆಗೆ ಮೈಸೂರು, ಬೆಂಗಳೂರಿನಿಂದ ಕಾರುಗಳು ಬರುತ್ತವೆ, ಅವಕ್ಕೆ ಪಾರ್ಕಿಂಗ್ ಬೇಕು, ಒಂದೆರಡು ವ್ಯೂ ಪಾಯಿಂಟ್ ಬೇಕು, ರಸ್ತೆಯ ತಿರುವು ಅಗಲ ಮಾಡಬೇಕು, ಇಷ್ಟೇ ವಿಷಯ. ಕಂಪ್ಯೂಟರಲ್ಲಿ ಎಲ್ಲ ಗುರುತು ಹಾಕಿ ಆಗಿತ್ತು. ಒಂದು ಸಲ ಸ್ಥಳಕ್ಕೆ ಹೋಗಿ ನೋಡಿಕೊಂಡು ಬಾ ಅಂತ ಕಳಿಸಿದರು. ಯಳಂದೂರಿನಿಂದ ಬಸ್ಸು ಹತ್ತಿದೆ.

ಪೋಡಿಗೆ ಕರೆದುಕೊಂಡು ಹೋಗಿದ್ದು ಅಲ್ಲಿಯದೇ ಒಬ್ಬ ಹುಡುಗ. ಪೋಡು ಅಂದರೆ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಾಡಿ, ಬೆಟ್ಟದ ಒಳಗೂ ಸುತ್ತಲೂ ಸೇರಿ ಅರವತ್ತರ ಹತ್ತಿರ ಇವೆ. ಕೆಲವು ಮನೆ ಹೆಂಚಿನದು, ಕೆಲವು ತಾರಸಿ, ಅಂಗಳದಲ್ಲಿ ಒಣಗಲು ಹಾಕಿದ ರಾಗಿ, ಮನೆ ಹಿಂದೆ ಕಾಫಿ ಗಿಡ, ಹಲಸಿನ ಮರ. ಒಂದು ಜಗಲಿಯ ಮೇಲೆ ವಯಸ್ಸಾದ ತಾತ ಕೂತಿದ್ದರು. ಹುಡುಗ ಏನೋ ಹೇಳಿದ. ನಾನು ನನ್ನ ದೊಡ್ಡ ಪ್ರಿಂಟ್ ಬಿಚ್ಚಿ ಜಗಲಿ ಮೇಲೆ ಹಾಸಿದೆ, ಗಾಳಿಗೆ ಹಾರದಿರಲಿ ಅಂತ ನಾಲ್ಕು ಮೂಲೆಗೂ ಕಲ್ಲಿಟ್ಟೆ.

ತಾತ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಇದ್ರಲ್ಲಿ ನಮ್ ಭಾವ ಎಲ್ಲವ್ನೆ?”

ನನಗೆ ಗೊತ್ತಾಗಲಿಲ್ಲ. ಯಾರೋ ನೆಂಟರ ಮನೆ ಹುಡುಕುತ್ತಿದ್ದಾರೆ ಅಂದುಕೊಂಡು, “ಯಾವ ಊರು ತಾತ ಅವರದು?” ಅಂದೆ. ಹುಡುಗ ನಕ್ಕುಬಿಟ್ಟ. ಅವರು ಕೇಳಿದ್ದು ರಂಗನಾಥಸ್ವಾಮಿಯನ್ನು. ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗ ಮದುವೆಯಾದ ಅನ್ನೋ ಕತೆ ಇದೆಯಲ್ಲ, ಹಾಗಾಗಿ ದೇವರು ಅವರಿಗೆ ಭಾವ. ಬೆಟ್ಟದ ಗುಡಿಯನ್ನು ತೋರಿಸಿದೆ. ತಾತ ತಲೆಯಾಡಿಸಿ, ನಾಲ್ಕೂ ಕಲ್ಲು ತೆಗೆದು, ಇಡೀ ಹಾಳೆಯನ್ನು ಎತ್ತಿ ತಿರುಗಿಸಿಟ್ಟರು. ನಾನು ಉತ್ತರ ದಿಕ್ಕು ಮೇಲಿರುವ ಹಾಗೆ ಇಟ್ಟಿದ್ದೆ, ಶಾಲೆಯಲ್ಲಿ ಕಲಿಸಿದ ಹಾಗೆ. ಅವರು ಹಾಳೆಯ ಮೇಲಿನ ಬೆಟ್ಟ ಎದುರಿಗೆ ಕಾಣುವ ಬೆಟ್ಟದ ಕಡೆಗೇ ಬರುವಂತೆ ಇಟ್ಟುಕೊಂಡರು. “ಈಗ ಸರ್ಯಾಯ್ತು” ಅಂದರು. ಆಮೇಲೆ ಬೆರಳು ಓಡತೊಡಗಿತು.

ಒಂದು ಅಂಗೈ ಅಗಲದ ಹಸಿರು ಜಾಗ. ನನ್ನ ಪ್ರಿಂಟಿನಲ್ಲಿ ಅಲ್ಲಿ ಒಂದು ಹಳ್ಳದ ಗೆರೆ ಇತ್ತು, ಒಂದು ಎತ್ತರದ ಅಂಕಿ ಇತ್ತು, ಅಷ್ಟೇ. ಸರ್ವೆ ಇಲಾಖೆಯ ಟೋಪೋಶೀಟಿನಲ್ಲಿ ಇನ್ನೂ ಎರಡು ಹೆಸರು ಇರಬಹುದು. ತಾತ ಅಲ್ಲಿ ಒಂದಾದ ಮೇಲೊಂದು ಹೆಸರು ಹೇಳುತ್ತಾ ಹೋದರು. ಇದು ಬಂಡೆ, ಇದು ನೀರು ಇಂಗುವ ಜಾಗ, ಇಲ್ಲಿ ಹೆಜ್ಜೇನು ಕಟ್ಟುತ್ತದೆ, ಇದು ನಮ್ಮ ಹಳೇ ಪೋಡಿದ್ದ ಜಾಗ, ಇಲ್ಲಿ ನಮ್ಮಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದೆವು, ಇದು ಬೇರೆ ಕುಲದವರದು, ಇಲ್ಲಿಂದ ಆಚೆಗೆ ನಾನು ಮಾತಾಡಬಾರದು. ನಾನು ಬರೆದುಕೊಳ್ಳುತ್ತಾ ಹೋದೆ. ಒಂದು ಗಂಟೆಗೆ ಮೂವತ್ತೇಳು ಹೆಸರು. (ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.) ಕೊನೆಗೆ ನಾನು ಪೆದ್ದನ ಹಾಗೆ, “ಇದೆಲ್ಲ ನಕ್ಷೆಯಲ್ಲಿ ಖಾಲಿ ಅಂತ ಇದೆ ತಾತ” ಅಂದೆ. ಅದಕ್ಕೆ ಅವರು ಹೇಳಿದ್ದೇ ಈ ಬರಹದ ತಲೆಬರಹ.

ಇದನ್ನು ನಾನೇನೋ ಹೊಸದಾಗಿ ಕಂಡುಹಿಡಿದೆ ಅಂತ ಆಗ ಅನ್ನಿಸಿತ್ತು. ಮೈಸೂರಿಗೆ ಬಂದು ಹುಡುಕಿದರೆ, ಈ ಕೆಲಸ ನನಗಿಂತ ಎಷ್ಟೋ ಮೊದಲೇ, ಎಷ್ಟೋ ಚೆನ್ನಾಗಿ ಆಗಿದೆ. ಬೆಂಗಳೂರಿನ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು ಮತ್ತು ಸೋಲಿಗರು ಒಟ್ಟಿಗೆ ಕಾಡೆಲ್ಲ ನಡೆದು, ಜಿಪಿಎಸ್ ಹಿಡಿದು, ಹಿರಿಯರು ತೋರಿಸಿದ ನಾನೂರಕ್ಕೂ ಹೆಚ್ಚು ಪವಿತ್ರ ಜಾಗಗಳನ್ನು ಗುರುತಿಸಿದ್ದಾರೆ. ಅದರಲ್ಲಿ ದುಡಿದವರಲ್ಲಿ ಒಬ್ಬರು ಸಿ. ಮಾದೇಗೌಡರು, ಅವರೇ ಸೋಲಿಗರು, ಡಾಕ್ಟರೇಟ್ ಮಾಡಿದವರು. ಆ ಕೆಲಸದಿಂದ ನನಗೆ ಗೊತ್ತಾಗಿದ್ದು ‘ಎಲ್ಲೆ’ ಅನ್ನೋ ಪದದ ಅರ್ಥ. ನಮಗೆ ಎಲ್ಲೆ ಅಂದರೆ ಗಡಿ, ಒಂದು ಗೆರೆ. ಸೋಲಿಗರಿಗೆ ಎಲ್ಲೆ ಅಂದರೆ ಒಂದು ಕುಲಕ್ಕೆ ಸೇರಿದ ಇಡೀ ಜಾಗ. ಪ್ರತಿ ಎಲ್ಲೆಯೊಳಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಬಗೆಯ ಜಾಗ. ಅಬ್ಬಿ ಅಂದರೆ ನೀರು. ಕಲ್ಲುಗುಡಿ ತೀರಿಹೋದವರಿಗೆ ಸೇರಿದ್ದು. ಆ ಎಲ್ಲೆಯನ್ನು ನೋಡಿಕೊಳ್ಳುವುದು, ಪೂಜೆ ಮಾಡುವುದು ಆಯಾ ಕುಲದ ಹೊಣೆ. ಹಲವು ಕುಲ, ಒಬ್ಬರ ಜಾಗದ ಬಗ್ಗೆ ಇನ್ನೊಬ್ಬರು ಅಧಿಕಾರದಿಂದ ಮಾತಾಡುವ ಹಾಗಿಲ್ಲ. ತಾತ “ಆಚೆಗೆ ನಾನು ಮಾತಾಡಬಾರದು” ಅಂದಿದ್ದು ಅದಕ್ಕೇ.

ಯೋಚನೆ ಮಾಡಿ. ನಮ್ಮ ಪ್ಲಾನಿಂಗ್ ಭಾಷೆಯಲ್ಲಿ ಹೇಳುವುದಾದರೆ ಇದು ವಲಯ ನಕ್ಷೆಯೇ ತಾನೆ? ಯಾವ ಜಾಗ ಯಾರ ಹೊಣೆ, ಎಲ್ಲಿ ಏನು ಮಾಡಬಹುದು, ಎಲ್ಲಿ ಕಾಲಿಡಬಾರದು, ನೀರು ಎಲ್ಲಿದೆ, ಸತ್ತವರು ಎಲ್ಲಿದ್ದಾರೆ. ಎಲ್ಲ ಇದೆ. ಕಾಗದ ಒಂದು ಇರಲಿಲ್ಲ, ಅಷ್ಟೇ. ನಾವು ಅದರ ಮೇಲೆ ನಮ್ಮದೊಂದು ಹಸಿರು ಬಳಿದೆವು.

ಬಳಿದ ಹಸಿರಿಗೆ ಒಂದು ತಾರೀಖೂ ಇದೆ. 1974ರಲ್ಲಿ ಈ ಬೆಟ್ಟ ವನ್ಯಜೀವಿಧಾಮ ಆಯಿತು, ಆಮೇಲೆ 1987ರಲ್ಲಿ ಅದನ್ನು ದೊಡ್ಡದು ಮಾಡಿ ಸುಮಾರು 540 ಚದರ ಕಿಲೋಮೀಟರಿಗೆ ತಂದರು. ಒಳಗೆ ಜಾಗ ಬದಲಿಸುತ್ತಾ ಬೇಸಾಯ ಮಾಡುತ್ತಿದ್ದವರನ್ನು ತಂದು ಒಂದೊಂದು ಕಡೆ ಕೂರಿಸಿದರು. ಬೇಟೆ ನಿಂತಿತು, ಬೇಸಾಯ ನಿಂತಿತು, ಬೆಂಕಿ ನಿಂತಿತು. ಬ್ರಿಟಿಷರ ಕಾಲದಿಂದ ಕಾಡಿನ ನಡುವೆಯೇ ಇರುವ ಕಾಫಿ ಎಸ್ಟೇಟುಗಳು ಮಾತ್ರ ಇದ್ದ ಹಾಗೇ ಇವೆ, ಅದು ಬೇರೆ ಮಾತು. ಬೇರೆ ಮಾತೇನಲ್ಲ, ಅದೇ ಮಾತು, ಆದರೆ ಅದಕ್ಕೆ ಹೋದರೆ ಈ ಬರಹ ಮುಗಿಯುವುದಿಲ್ಲ.

ಬೆಂಕಿಯ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕೇಳದೆ ಮಾಡಿದ ಪ್ಲಾನು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಇದು. ಸೋಲಿಗರು ‘ತರಗು ಬೆಂಕಿ’ ಅಂತ ಹಾಕುತ್ತಿದ್ದರು. ಬೇಸಿಗೆ ಏರುವ ಮೊದಲೇ, ನೆಲದ ಒಣ ಎಲೆಗೆ, ಸಣ್ಣಗೆ. ಮೊಣಕಾಲೆತ್ತರವೂ ಏಳದ ಬೆಂಕಿ. ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ, ಹೊಸ ಹುಲ್ಲು ಬರುತ್ತದೆ, ಹುಲ್ಲಿಗೆ ಕಡವೆ, ಕಾಟಿ ಬರುತ್ತವೆ. ಕಾಡು ಅಂದರೆ ಬೆಂಕಿ ಇಲ್ಲದ ಜಾಗ ಅಂತ ಪುಸ್ತಕದಲ್ಲಿ ಓದಿದವರು ಅದನ್ನು ಅಪರಾಧ ಮಾಡಿದರು. ಆಮೇಲೆ ಲಂಟಾನ ಅನ್ನೋ ಹೊರಗಿನ ಕಳೆಪೊದೆ ಬಂತು. ಮೊದಲೇ ಇತ್ತು, ಆದರೆ ಈಗ ತಡೆಯುವವರು ಇರಲಿಲ್ಲ. 1997ರಿಂದ 2008ರ ನಡುವೆ, ಬರೀ ಹನ್ನೊಂದು ವರ್ಷದಲ್ಲಿ, ಅದು ಹಬ್ಬಿದ ಜಾಗ ಹೆಚ್ಚುಕಮ್ಮಿ ಎರಡು ಪಟ್ಟಾಯಿತು ಅಂತ ಅಲ್ಲಿ ಅಳತೆ ಮಾಡಿದವರು ಹೇಳುತ್ತಾರೆ. ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು. ನೆಲ್ಲಿಕಾಯಿ ಕಿತ್ತು ಮಾರುವ ಸೋಲಿಗರದೇ ತಪ್ಪು ಅಂತ ಬೆರಳು ತೋರಿಸುವುದು ಸುಲಭ, ಆದರೆ ಅವರು ಮಾತ್ರ ಮೊದಲಿನಿಂದಲೂ, ಬೆಂಕಿ ನಿಲ್ಲಿಸಿದ್ದಕ್ಕೇ ಇದೆಲ್ಲ ಆಗುತ್ತಿದೆ ಅಂತ ಹೇಳುತ್ತಲೇ ಇದ್ದರು.

ಆ ಹುಡುಗನ ಜೊತೆ ನಾನೂ ಒಂದು ಕಡೆ ನಡೆದು ನೋಡಿದೆ. ನಡೆದೆ ಅನ್ನೋದು ತಪ್ಪು, ನುಸುಳಿದೆ. ತಲೆ ಮೇಲಕ್ಕೆ ಬೆಳೆದ ಲಂಟಾನ, ಒಳಗೆ ಸುರಂಗದ ಹಾಗೆ ಪ್ರಾಣಿ ಹೋದ ದಾರಿ. ಅಂಗಿ ಸಿಕ್ಕಿಕೊಳ್ಳುತ್ತದೆ, ಕೈ ತರಚುತ್ತದೆ, ಎಲೆ ಉಜ್ಜಿದರೆ ಒಂದು ಥರ ಸೀಮೆಎಣ್ಣೆಯ ಹಾಗೆ ವಾಸನೆ. ಹುಡುಗ ಎರಡು ಹೆಜ್ಜೆಗೊಮ್ಮೆ ನಿಂತು ಕಿವಿ ಕೊಡುತ್ತಿದ್ದ. “ಯಾಕೆ?” ಅಂದೆ. “ಆನೆ ಇದ್ರೆ ಕಾಣಕ್ಕಿಲ್ಲ ಸಾರ್ ಇದ್ರೊಳಗೆ. ನಮ್ಮಜ್ಜಿ ಕಾಲ್ದಲ್ಲಿ ಇಲ್ಲಿಂದ ಆ ಬಂಡೆಗಂಟ ಕಾಣ್ತಿತ್ತಂತೆ.” ಬಂಡೆ ನೂರು ಅಡಿ ದೂರದಲ್ಲೇ ಇತ್ತು. ನಾವು ಅದರ ಹತ್ತಿರ ಹೋಗುವ ತನಕ ನನಗೆ ಕಾಣಲಿಲ್ಲ. ನನ್ನ ಉಪಗ್ರಹ ಚಿತ್ರದಲ್ಲಿ ಆ ಜಾಗ ಒಳ್ಳೇ ದಟ್ಟ ಹಸಿರು. ಆರೋಗ್ಯವಂತ ಕಾಡು ಅಂತ ನಾನೇ ಗುರುತು ಹಾಕಿದ್ದೆ!

2006ರಲ್ಲಿ ಇನ್ನೊಂದು ಏಟು. ವನ್ಯಜೀವಿ ಕಾಯ್ದೆಗೆ ತಂದ ತಿದ್ದುಪಡಿ ಹಿಡಿದುಕೊಂಡು, ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದನ್ನೂ ನಿಲ್ಲಿಸಿದರು. ಕೆಲಸಕ್ಕೆ ಅಂತ ಎಷ್ಟೋ ಮಂದಿ ಬೆಟ್ಟ ಇಳಿದರು. ವಿಚಿತ್ರ ಅಂದರೆ ಕಾಡಿನಲ್ಲಿ ಬದುಕುವವರಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಪಾಸಾಗಿದ್ದೂ ಅದೇ 2006ರಲ್ಲಿ.

ಆಮೇಲೆ 2011. ಇದು ಆ ಬೆಟ್ಟದ ಇತಿಹಾಸದಲ್ಲಿ ದೊಡ್ಡ ವರ್ಷ. ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯಿತು. ಎತ್ತಂಗಡಿ ಮಾಡುತ್ತಾರೆ ಅಂತ ಪೋಡುಗಳಲ್ಲಿ ಭಯ. ಸೋಲಿಗರು ಸುಮ್ಮನೆ ಕೂರಲಿಲ್ಲ. ಮೊದಲೇ ಸಂಘ ಕಟ್ಟಿದ್ದರು, 1981ರಿಂದ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿದ ಒಂದು ತಲೆಮಾರು ಇತ್ತು, ಕೈಯಲ್ಲಿ ಆ ಪವಿತ್ರ ಜಾಗಗಳ ನಕ್ಷೆ ಇತ್ತು. ಅಕ್ಟೋಬರ್ 2ಕ್ಕೆ, ಗಾಂಧಿ ಜಯಂತಿಯ ದಿನ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹುಲಿ ಏನಾಯಿತು ಅಂತ ಕೇಳುತ್ತೀರಿ, ಗೊತ್ತು. 2010 ಮತ್ತು 2014ರ ಎಣಿಕೆಗಳ ನಡುವೆ ಅಲ್ಲಿ ಹುಲಿಗಳ ಸಂಖ್ಯೆ ಹತ್ತಿರ ಹತ್ತಿರ ದುಪ್ಪಟ್ಟಾಯಿತು, ಸೋಲಿಗರು ಅಲ್ಲೇ ಇದ್ದರು. ಸೋಲಿಗರು ಇದ್ದದ್ದಕ್ಕೇ ಹೆಚ್ಚಾಯಿತು ಅಂತ ನಾನು ಹೇಳುತ್ತಿಲ್ಲ. ಅವರಿದ್ದರೆ ಹುಲಿ ಇರುವುದಿಲ್ಲ ಅನ್ನೋ ಮಾತು ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ಎಲ್ಲ ಸರಿಹೋಯಿತಾ? ಇಲ್ಲ. ಇಲ್ಲೇ ನನ್ನ ಕಸುಬಿನ ವಿಷಯ ಬರುವುದು. ಹಕ್ಕು ಪತ್ರ ಒಂದು, ಯೋಜನೆ ಬರೆಯುವುದು ಇನ್ನೊಂದು. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿ ಪ್ರಕಾರ ಗ್ರಾಮಸಭೆಯ ಸಮಿತಿ ತನ್ನ ಕಾಡಿಗೆ ತಾನೇ ಯೋಜನೆ ಮಾಡಬಹುದು, ಅದನ್ನು ಅರಣ್ಯ ಇಲಾಖೆಯ ಯೋಜನೆಯ ಜೊತೆ ಸೇರಿಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಸಹಭಾಗಿತ್ವ ಬೇಕಾ? ಆದರೆ ಹುಲಿ ಯೋಜನೆ ಬೇರೆ ಕಾಯ್ದೆಯ ಕೆಳಗೆ, ಪ್ರವಾಸೋದ್ಯಮ ಬೇರೆ ಇಲಾಖೆ, ರಸ್ತೆ ಬೇರೆ, ಕೆಳಗಿನ ಊರಿನ ಮಾಸ್ಟರ್ ಪ್ಲಾನ್ ಬೇರೆ. ಒಂದೊಂದಕ್ಕೂ ಒಂದೊಂದು ನಕ್ಷೆ, ಎಲ್ಲವೂ ನನ್ನಂಥವರು ಬಿಡಿಸಿದ್ದು, ಎಲ್ಲದರಲ್ಲೂ ಅದೇ ಹಸಿರು. 2017ರಲ್ಲಂತೂ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವೇ, ಹುಲಿ ನೆಲೆಯ ಒಳಗೆ ಹೊಸದಾಗಿ ಹಕ್ಕು ಕೊಡುವುದು ನಿಲ್ಲಿಸಿ ಅಂತ ಒಂದು ಸುತ್ತೋಲೆ ಹೊರಡಿಸಿ, ಒಂದು ವರ್ಷ ಬಿಟ್ಟು ವಾಪಸ್ ತೆಗೆದುಕೊಂಡಿತು. 2024ರಲ್ಲಿ ಅದೇ ಪ್ರಾಧಿಕಾರದ ಪತ್ರದಲ್ಲಿ ಇನ್ನೂ ಹುಲಿ ನೆಲೆಗಳ ಒಳಗಿರುವ 591 ಹಳ್ಳಿ, 64,801 ಕುಟುಂಬಗಳ ಲೆಕ್ಕ ಕೊಟ್ಟು, ಸ್ಥಳಾಂತರಕ್ಕೆ ಬೇಗ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಒಂದು ಕೈಯಲ್ಲಿ ಪಾಲುದಾರ ಅನ್ನೋದು, ಇನ್ನೊಂದು ಕೈಯಲ್ಲಿ ಗಂಟುಮೂಟೆ ಕಟ್ಟು ಅನ್ನೋದು.

ಇನ್ನೊಂದು ವಿಷಯ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆದಿವಾಸಿ ಪ್ರದೇಶಗಳ ಗ್ರಾಮಸಭೆಗೆ ಗಟ್ಟಿ ಅಧಿಕಾರ ಕೊಡುವ ಪೆಸಾ ಕಾಯ್ದೆ 1996ರಿಂದ ಇದೆ. ಆದರೆ ಅದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಸೋಲಿಗರು, ಜೇನುಕುರುಬರು, ಕಾಡುಕುರುಬರು, ಕೊರಗರು, ಎಲ್ಲರೂ ಇದ್ದಾರೆ, ಅನುಸೂಚಿತ ಪ್ರದೇಶ ಮಾತ್ರ ಇಲ್ಲ. ಹಾಗಾಗಿ ಒಂದು ಪೋಡು ಸಾಮಾನ್ಯವಾಗಿ ದೊಡ್ಡ ಗ್ರಾಮ ಪಂಚಾಯಿತಿಯ ಒಂದು ಮೂಲೆ. ಪಂಚಾಯಿತಿ ಸಭೆ ಬೆಟ್ಟದ ಕೆಳಗೆ ನಡೆದರೆ, ಮೇಲಿನವರು ಒಂದು ದಿನದ ಕೂಲಿ ಬಿಟ್ಟು ಬರಬೇಕು.

ಈಗ ಆ ಸಭೆಯ ಕತೆ ಹೇಳುತ್ತೇನೆ.

ನಮ್ಮ ಕರಡು ಮುಗಿದ ಮೇಲೆ ‘ಸಮುದಾಯ ಸಮಾಲೋಚನೆ’ ಅಂತ ಇಟ್ಟರು. ಕೆಳಗಿನ ಊರಿನ ಒಂದು ಹಾಲು. ಹಿಂದೆ ಫ್ಲೆಕ್ಸ್, ಮುಂದೆ ನೀರಿನ ಬಾಟಲಿ, ಬಾಗಿಲಲ್ಲಿ ಸಹಿ ಪುಸ್ತಕ. ಸಹಿ ಪುಸ್ತಕ ಬಹಳ ಮುಖ್ಯ, ವರದಿಯಲ್ಲಿ ಅದರ ಜೆರಾಕ್ಸ್ ಹಾಕಬೇಕು. ಜನ ಬಂದಿದ್ದರು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಹಿಂದೆ ಪೋಡಿನವರು. ಪ್ರೊಜೆಕ್ಟರಿನಲ್ಲಿ ನನ್ನ ನಕ್ಷೆ, ಎಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಮಾಡೋಣ ಅಂತ ನಾನು ಹೇಳಿದ್ದೆ, ಫಾಂಟ್ ತೊಂದರೆ ಆಗುತ್ತೆ ಬೇಡ ಅಂದಿದ್ದರು. ಫಾಂಟ್! ಚಾಮರಾಜನಗರ ಜಿಲ್ಲೆಯಲ್ಲಿ, ಕನ್ನಡ ಜನರ ಮುಂದೆ, ಕನ್ನಡದ ನಕ್ಷೆ ಹಾಕುವುದಕ್ಕೆ ಫಾಂಟ್ ಅಡ್ಡ ಬಂತು.

ಭಾಷಣ ಒಂದೂವರೆ ಗಂಟೆ. ಪ್ರಶ್ನೆಗೆ ಹದಿನೈದು ನಿಮಿಷ. ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಮೈಕು ಬೇಡ ಅಂದರು. “ಸ್ವಾಮಿ, ಅಷ್ಟೊಂದು ಕಾರ್ ಬತ್ತವೆ ಅಂತೀರಿ. ಕಕ್ಕಸು ಕಟ್ತೀವಿ ಅಂತೀರಿ. ನೀರು ಎಲ್ಲಿಂದ ತತ್ತೀರಿ?”

ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಮುಂದಿನ ಹಂತದಲ್ಲಿ ನೋಡುತ್ತೇವಮ್ಮ ಅಂದರು. ಆಕೆ ಕೂರಲಿಲ್ಲ. “ಅಲ್ಲಿರೋದು ಒಂದೇ ಅಬ್ಬಿ. ಅದು ನಮ್ಗೂ ಬೇಕು, ಆನೆಗೂ ಬೇಕು.” ಅಷ್ಟು ಹೇಳಿ ಕೂತರು. ಮಾಡಿದ್ದ ಮೂರು ತಿಂಗಳ ಕೆಲಸದಲ್ಲಿ ನಮ್ಮಲ್ಲಿ ಯಾರೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಊಟದ ಪೊಟ್ಟಣ ಹಂಚಿದರು, ಫೋಟೋ ಆಯಿತು, ವರದಿಯ ಒಂದು ಅಧ್ಯಾಯಕ್ಕೆ ‘ಸಮುದಾಯದ ಸಹಭಾಗಿತ್ವ’ ಅಂತ ಹೆಸರಿಟ್ಟು ಎರಡು ಪುಟ ಬರೆದರು. ಆ ಹೆಂಗಸಿನ ಪ್ರಶ್ನೆ ಅದರಲ್ಲಿ “ಮೂಲಸೌಕರ್ಯದ ಬಗ್ಗೆ ಸಲಹೆಗಳು ಬಂದವು” ಅಂತ ಆಗಿತ್ತು.

ನಾನು ಹೇಳಬೇಕಾಗಿರುವುದು ಇಷ್ಟೇ. ನಕ್ಷೆ ಮುಗಿದ ಮೇಲೆ ಕರೆದರೆ ಅದು ಮದುವೆಗೆ ಕರೆದ ಹಾಗೆ. ಬರಬಹುದು, ಊಟ ಮಾಡಬಹುದು, ಉಡುಗೊರೆ ಕೊಡಬಹುದು, ಹೆಣ್ಣು ಗಂಡು ಯಾರು ಅಂತ ಮಾತಾಡುವ ಹಾಗಿಲ್ಲ. ಕಾನೂನೂ ಹಾಗೇ ಇದೆ. ಸಂರಕ್ಷಿತ ಕಾಡಿನ ಸುತ್ತ ಗುರುತಿಸುವ ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸಲು 60 ದಿನ. ಗೆಜೆಟ್ಟಿನಲ್ಲಿ ಹಿಂದಿ, ಇಂಗ್ಲಿಷು. ದಿಲ್ಲಿಗೆ ಬರೆಯಬೇಕು. ‘ಆಕ್ಷೇಪಣೆ’ ಅನ್ನೋ ಪದ ನೋಡಿ. ನಾವು ಮಾಡುತ್ತೇವೆ, ನೀವು ಬೇಕಾದರೆ ತಕರಾರು ಮಾಡಿ ಅಂತ. ಪಾಲುದಾರ ಆದವನು ಯಾಕೆ ಆಕ್ಷೇಪಣೆ ಸಲ್ಲಿಸಬೇಕು? ಕೆಲವು ವರ್ಷಗಳ ಹಿಂದೆ ಬೆಟ್ಟದಲ್ಲಿ ಸಿಕ್ಕಿದ ಹೊಸ ಜಾತಿಯ ಒಂದು ಕಣಜದ ಹುಳಕ್ಕೆ ವಿಜ್ಞಾನಿಗಳು ‘ಸೋಲಿಗ’ ಅಂತಲೇ ಹೆಸರಿಟ್ಟರು. ಒಳ್ಳೆಯದೇ. ಹುಳಕ್ಕೆ ಹೆಸರಿಡುವಾಗ ನೆನಪಾದವರು ರಸ್ತೆಯ ಗೆರೆ ಎಳೆಯುವಾಗ ಯಾಕೆ ನೆನಪಾಗುವುದಿಲ್ಲ?

ನನ್ನ ಜೊತೆ ಓದಿದವನೊಬ್ಬ ಕೆನಡಾದ ವ್ಯಾಂಕೋವರ್‌ನಲ್ಲಿದ್ದಾನೆ. ಅವನು ಒಮ್ಮೆ ಫೋನಿನಲ್ಲಿ ಗೊಣಗಿದ: “ಸಮುದ್ರದ ಹತ್ತಿರ ಹನ್ನೊಂದು ಟವರ್ ಕಟ್ತಿದ್ದಾರೆ ಕಣೋ, ಅದು ಸ್ಕ್ವಾಮಿಶ್ ಜನರ ಜಾಗವಂತೆ, ಸಿಟಿಯ ಝೋನಿಂಗೇ ಅಲ್ಲಿ ನಡೆಯಲ್ಲವಂತೆ.” ಸೆನಾಕ್ ಅಂತ ಆ ಜಾಗದ ಹೆಸರು. ಹಿಂದೆ ಅಲ್ಲಿ ಸ್ಕ್ವಾಮಿಶ್ ಅನ್ನೋ ಆದಿವಾಸಿಗಳ ಹಳ್ಳಿ ಇತ್ತು. 1913ರಲ್ಲಿ ಅಲ್ಲಿಯ ಕುಟುಂಬಗಳನ್ನು ದೋಣಿಗೆ ಹತ್ತಿಸಿ ಕಳಿಸಿ, ಮನೆಗಳನ್ನು ಸುಟ್ಟರು. ದಶಕಗಟ್ಟಲೆ ಕೋರ್ಟಿನಲ್ಲಿ ಹೋರಾಡಿ 2003ರಲ್ಲಿ ಸುಮಾರು 10 ಎಕರೆ ವಾಪಸ್ ಪಡೆದರು. 2019ರಲ್ಲಿ ತಮ್ಮ ಜನರ ಮುಂದಿಟ್ಟು ಓಟು ಹಾಕಿಸಿ, ಈಗ ಅಲ್ಲಿ 6,000ದಷ್ಟು ಮನೆ ಕಟ್ಟುತ್ತಿದ್ದಾರೆ. ಸಿಟಿಯವರು 2022ರಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡು ನೀರು, ಒಳಚರಂಡಿ, ಬೆಂಕಿ ಇಂಜಿನ್ ಕೊಡಲು ಒಪ್ಪಿದರು. ಅಕ್ಕಪಕ್ಕದವರು ಕೋರ್ಟಿಗೆ ಹೋಗಿ ಸೋತರು. ಆದಿವಾಸಿಗಳು ಅಂದರೆ ಕಾಡು, ಕುಣಿತ, ಜೇನು ಅಂತ ಅಂದುಕೊಂಡವರಿಗೆ ಐವತ್ತು ಅಂತಸ್ತಿನ ಟವರ್ ನೋಡಿ ಕಸಿವಿಸಿ ಆಗುತ್ತದೆ, ನನ್ನ ಗೆಳೆಯನಿಗೂ ಆಯಿತು. ಆದರೆ ನನಗೆ ಕಂಡಿದ್ದು ಬೇರೆ. ಅಲ್ಲಿ ಸಿಟಿಯವರೇ ಎದ್ದು ಹೋಗಿ ಮಾತಾಡಿದ್ದು ಅವರಿಗೆ ಒಳ್ಳೇ ಬುದ್ಧಿ ಬಂದು ಅಲ್ಲ. ಜಮೀನು ಸ್ಕ್ವಾಮಿಶರ ಕೈಯಲ್ಲಿತ್ತು. ಪಾಲು ಇದ್ದರೆ ಪಾಲುದಾರ, ಇಲ್ಲದಿದ್ದರೆ ಫಲಾನುಭವಿ. ಬೆಟ್ಟದಲ್ಲಿ 2011ರ ಹಕ್ಕು ಪತ್ರ ಮುಖ್ಯ ಆಗುವುದು ಅದಕ್ಕೇ.

ಇಷ್ಟು ಓದಿದ ಮೇಲೆ ಸೋಲಿಗರೆಲ್ಲ ಒಂದೇ ಮಾತು ಆಡುತ್ತಾರೆ ಅಂತ ಯಾರೂ ತಿಳಿಯಬೇಡಿ. ನನಗೆ ಜೊತೆಯಾದ ಹುಡುಗನಿಗೆ ರಸ್ತೆ ಬೇಕು, ಮೊಬೈಲ್ ಟವರ್ ಬೇಕು, ಕಾಫಿಗೆ ಒಳ್ಳೇ ರೇಟು ಬೇಕು, ಪ್ರವಾಸಿಗರು ಬಂದರೆ ಹೋಂಸ್ಟೇ ಮಾಡುವ ಆಸೆ ಬೇರೆ. ತಾತನಿಗೆ ಅದೆಲ್ಲ ಬೇಡ. ಆ ಹೆಂಗಸಿಗೆ ನೀರಿನದೇ ಚಿಂತೆ. ಜಗಳ ಆಗುತ್ತದೆ, ಆಗಲಿ. ನಮ್ಮ ಬಡಾವಣೆಯ ಸಂಘದಲ್ಲಿ ಒಂದು ಹಂಪ್ ಹಾಕಿಸುವುದಕ್ಕೆ ಎರಡು ವರ್ಷ ಜಗಳ ಆಡಿದ್ದೇವೆ, ಅವರೊಳಗೆ ಒಮ್ಮತ ಇಲ್ಲ ಅಂತ ಹೇಳಿ ಅವರನ್ನು ಬಿಟ್ಟು ತೀರ್ಮಾನ ಮಾಡುವುದು ಯಾವ ನ್ಯಾಯ? ಮೊದಲ ದಿನವೇ ಪೋಡಿನಲ್ಲಿ ಕೂತು ಶುರು ಮಾಡಬೇಕು, ಕನ್ನಡದಲ್ಲಿ, ಅವರ ಜೊತೆ ನಡೆದು, ನಡೆದವರಿಗೆ ದಿನಗೂಲಿ ಅಲ್ಲ, ನಮಗೆ ಕೊಡುವ ಹಾಗೇ ಸಂಬಳ ಕೊಟ್ಟು, ಬೇಡ ಅಂದರೆ ಬೇಡ ಅನ್ನೋ ಅಧಿಕಾರ ಇಟ್ಟು. ನಿಧಾನ ಆಗುತ್ತದೆ. ಈಗಿನದೇನು ಬೇಗ ಆಗುತ್ತಿದೆಯಾ? ಆ ಯೋಜನೆ ನಾನು ಕೆಲಸ ಬಿಡುವ ತನಕವೂ ಕಡತದಲ್ಲೇ ಇತ್ತು.

ಹೆಸರುಗಳ ಮಾತು ಬಾಕಿ ಇತ್ತಲ್ಲ.

ನನ್ನ ನಕ್ಷೆಯ ಪಾರ್ಕಿಂಗ್ ಜಾಗ ಬಿದ್ದಿದ್ದು ಒಂದು ಕಲ್ಲುಗುಡಿಯ ಮೇಲೆ. ತಾತ ಹಾಳೆ ತಿರುಗಿಸಿಟ್ಟ ಹತ್ತು ನಿಮಿಷಕ್ಕೆ ಅದು ಗೊತ್ತಾಯಿತು. ಅವರ ಬೆರಳು ಅಲ್ಲಿ ನಿಂತಿತು, ಸ್ವಲ್ಪ ಹೊತ್ತು ಮಾತಿಲ್ಲ. ನಾನು ಉಮೇದಿನಲ್ಲಿ, ಇದನ್ನು ದೊಡ್ಡದಾಗಿ ನಕ್ಷೆಯಲ್ಲಿ ಬರೆಯುತ್ತೇನೆ ತಾತ, ಆಗ ಯಾರೂ ಮುಟ್ಟುವುದಿಲ್ಲ ಅಂದೆ. ಅವರು ಬೇಡ ಅಂದರು. ಬರೆದರೆ ನೋಡಲು ಜನ ಬರುತ್ತಾರೆ, ಚಪ್ಪಲಿ ಹಾಕಿಕೊಂಡು ಹತ್ತುತ್ತಾರೆ, ಫೋಟೋ ಹಿಡಿಯುತ್ತಾರೆ. “ನಿಂಗೊತ್ತಿರ್ಲಿ. ಎಲ್ರಿಗೂ ತೋರಿಸ್ಬೇಡ.” ನನಗೆ ಇದು ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗಾಯಿತು. ಬರೆಯದೆ ಇದ್ದರೆ ಉಳಿಸುವುದು ಹೇಗೆ, ಬರೆದರೆ ಮಾತು ಮುರಿದ ಹಾಗೆ. ನಕ್ಷೆಯಲ್ಲಿ ಇರಬೇಕೋ ಬೇಡವೋ ಅನ್ನೋದನ್ನು ಹೇಳುವವರೂ ಅವರೇ ಆಗಬೇಕು, ಇದು ನನಗೆ ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಪಾರ್ಕಿಂಗ್ ಗುರುತನ್ನು ಮುನ್ನೂರು ಮೀಟರ್ ಆಚೆ ಸರಿಸಿದೆ. ಕಾರಣ ಏನು ಅಂತ ಮೇಲಿನವರು ಕೇಳಿದರು. ‘ಇಳಿಜಾರು ಜಾಸ್ತಿ’ ಅಂತ ಬರೆದೆ. ಒಂದೇ ಏಟಿಗೆ ಒಪ್ಪಿದರು, ಇನ್ನೊಂದು ಪ್ರಶ್ನೆ ಇಲ್ಲ.

ಹೊಸ ಪ್ರಿಂಟ್ ಒಂದನ್ನು ತೆಗೆದುಕೊಂಡು ಮತ್ತೆ ಪೋಡಿಗೆ ಹೋದೆ, ಈ ಸಲ ನನ್ನ ದುಡ್ಡಲ್ಲಿ, ಅಕ್ಷರವೆಲ್ಲ ಕನ್ನಡದಲ್ಲಿ. ತಾತ ಅದನ್ನು ಮತ್ತೆ ಬೆಟ್ಟದ ಕಡೆ ತಿರುಗಿಸಿ ಇಟ್ಟುಕೊಂಡರು. ಬೆರಳು ನೇರ ಆ ಜಾಗಕ್ಕೆ ಹೋಯಿತು. ಬರೀ ಹಸಿರು.

“ಅದಿಲ್ಲ ತಾನೆ?”

“ಇಲ್ಲ ತಾತ.”

“ಭಾವ ಅವ್ನಾ?”

“ಅವ್ರೆ.”

ಹಾಳೆಯನ್ನು ಎಂಟು ಮಡಿಕೆ ಮಡಿಚಿ, ಹುಡುಗನ ಕೈಗೆ ಕೊಟ್ಟು, ಅಟ್ಟದ ಮೇಲಿಡು ಅಂದರು. ಆಮೇಲೆ ಕಾಫಿ ಬಂತು, ಅವರ ಹಿತ್ತಲಿನದೇ.